ಇದರಲ್ಲಿ ಡ್ಯಾಂ ಎಲ್ಲಿದೆ?

ಮುನ್ನೂರ ನಲವತ್ತು ಫೋಟೊಗಳನ್ನು ಅವರು ಒಂದೊಂದಾಗಿ ನೋಡಿದರು. ಪಕ್ಕದಲ್ಲಿ ನಾನು ಫಲಿತಾಂಶಕ್ಕೆ ಕಾದವಳಂತೆ ಕೂತಿದ್ದೆ. ಕಾಫಿ ಆರಿತು. ಕೊನೆಯ ಫೋಟೊ ಮುಗಿದ ಮೇಲೆ ಕನ್ನಡಕ ತೆಗೆದು ಒರೆಸುತ್ತ, ‘ಚೆನ್ನಾಗಿ ತೆಗೆದಿದ್ದೀಯ ಮಗಾ. ಆದ್ರೆ ಇದರಲ್ಲಿ ಡ್ಯಾಂ ಎಲ್ಲಿದೆ?’ ಎಂದರು.

ಮೊದಲು ನನಗೆ ತಮಾಷೆ ಅನ್ನಿಸಿತು. ಅವೆಲ್ಲ ಲಿಂಗನಮಕ್ಕಿಯಲ್ಲೇ ತೆಗೆದ ಫೋಟೊಗಳು. ಆಗಸ್ಟ್‌ ತಿಂಗಳು, ಗೇಟು ತೆರೆದಿದ್ದರು. ಹಾಲಿನಂತೆ ಧುಮ್ಮಿಕ್ಕುವ ನೀರು, ಮೇಲೆದ್ದ ಹನಿಗಳ ಮಂಜು, ಅದರೊಳಗೊಂದು ಕಾಮನಬಿಲ್ಲು. ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಎರಡೇ ಫೋಟೊಗಳಿಗೆ ಗೆಳತಿಯರೆಲ್ಲ ಹೃದಯದ ಗುರುತು ಸುರಿದಿದ್ದರು. ಅಂಥದ್ದರಲ್ಲಿ ಇವರು ಡ್ಯಾಂ ಎಲ್ಲಿ ಎಂದು ಕೇಳುತ್ತಿದ್ದಾರೆ.

‘ನೀರಿದೆ, ಮೋಡ ಇದೆ, ಗುಡ್ಡ ಇದೆ. ನೀರನ್ನ ತಡೆದು ನಿಲ್ಲಿಸಿದ್ದು ಯಾವುದು, ಅದು ಹೇಗೆ ನಿಂತಿದೆ ಅನ್ನೋದು ಒಂದರಲ್ಲೂ ಇಲ್ಲ. ನೀನು ಓದ್ತಿರೋದು ಸಿವಿಲ್ ಅಲ್ವಾ?’

ನನಗೆ ಮುಖ ಎತ್ತಲು ಆಗಲಿಲ್ಲ. ಆ ಪ್ರಶ್ನೆ ಆರು ವಾರದಲ್ಲಿ ಎರಡನೇ ಸಲ ನನ್ನ ಕಿವಿಗೆ ಬಿದ್ದಿತ್ತು.

ಪಿಕ್‌ನಿಕ್‌ಗೆ ಹೋಗಿದ್ದೆ ಸರ್

ನಾನು ಸಾಗರದವಳು. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಆಗ ಏಳನೇ ಸೆಮಿಸ್ಟರ್. ಕ್ಯಾಂಪಸ್‌ಗೆ ಬರುವ ಕಂಪನಿಗಳಲ್ಲಿ ಸಿವಿಲ್‌ನವರನ್ನು ಕೇಳುವವು ಬೆರಳೆಣಿಕೆಯಷ್ಟು. ಮೊದಲೆರಡು ಇಂಟರ್‌ವ್ಯೂಗಳಲ್ಲಿ ನಾನು ಬರೆಯುವ ಪರೀಕ್ಷೆಯಲ್ಲೇ ಉದುರಿದೆ. ಮೂರನೆಯದರಲ್ಲಿ ಒಳಗೆ ಕರೆದರು. ನನ್ನ ಊರು ನೋಡಿ, ‘ಹತ್ತಿರದಲ್ಲೇ ಲಿಂಗನಮಕ್ಕಿ ಇದೆಯಲ್ಲ, ಅಷ್ಟು ನೀರಿಗೆ ಎದೆಯೊಡ್ಡಿ ಅದು ಹೇಗೆ ನಿಂತಿದೆ ಹೇಳಿ’ ಎಂದರು. ನಾನು ನೋಟ್ಸಿನಲ್ಲಿದ್ದ ವ್ಯಾಖ್ಯೆಯನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ‘ಅದನ್ನು ನೋಡಿದ್ದೀರಾ?’ ಎಂದು ಕೇಳಿದರು.

‘ಹೂಂ ಸರ್, ಪಿಕ್‌ನಿಕ್‌ಗೆ ಹೋಗಿದ್ದೆ.’

ಅವರು ನಕ್ಕರು, ಜೊತೆಗೆ ನಾನೂ ನಕ್ಕೆ. ಕೆಲಸ ಮಾತ್ರ ಸಿಗಲಿಲ್ಲ.

ಅದೇ ತಿಂಗಳು ನಮ್ಮ ವಿಭಾಗದಲ್ಲಿ ಛಾಯಾಚಿತ್ರ ಪ್ರದರ್ಶನ ಮಾಡುವ ಮಾತು ಬಂತು. ಜಿಲ್ಲೆಯ ಒಂದೊಂದು ಕಟ್ಟಡವನ್ನು ಒಬ್ಬೊಬ್ಬರು ಆರಿಸಿಕೊಳ್ಳಬೇಕು. ಸೇಡು ತೀರಿಸಿಕೊಳ್ಳುವವಳಂತೆ ನಾನು ಲಿಂಗನಮಕ್ಕಿಗೆ ಹೆಸರು ಕೊಟ್ಟೆ. ಸಾಗರದಲ್ಲಿ ಸ್ಟುಡಿಯೊ ಇಟ್ಟಿರುವ ದೊಡ್ಡಪ್ಪನ ಮಗ ಮದುವೆಗೆ ಬಳಸುವ ಕ್ಯಾಮೆರಾ ಕೊಟ್ಟ. ‘ನೀರಿಗೆ ಬೀಳಿಸಿದ್ರೆ ನಿನ್ನ ಮದುವೆಗೆ ಫೋಟೊ ಇಲ್ಲ ನೋಡು’ ಎಂದು ಎಚ್ಚರಿಸಿಯೇ ಕೊಟ್ಟ.

ಅಣೆಕಟ್ಟೆ, ವಿದ್ಯುದಾಗಾರಗಳೆಲ್ಲ ಭದ್ರತೆಯ ಜಾಗಗಳು. ಮನಸ್ಸು ಬಂದಾಗ ಹೋಗಿ ಕ್ಯಾಮೆರಾ ಎತ್ತುವಂತಿಲ್ಲ, ಡ್ರೋನ್ ಹಾರಿಸುವ ಮಾತಂತೂ ಬೇಡ. ಕಾಲೇಜಿನ ಪತ್ರ, ಗುರುತಿನ ಚೀಟಿಯ ಪ್ರತಿ, ಯಾವ ದಿನ, ಯಾಕೆ ಎನ್ನುವ ವಿವರ ಎಲ್ಲ ಕೊಟ್ಟು ಅನುಮತಿಗೆ ಕಾದೆವು. ಎಲ್ಲಿ ತೆಗೆಯಬಹುದು, ಎಲ್ಲಿ ತೆಗೆಯಬಾರದು ಎಂದು ಹೇಳಿ, ಜೊತೆಗೊಬ್ಬ ಕಾವಲುಗಾರರನ್ನೂ ಕೊಟ್ಟರು. ಅಷ್ಟೆಲ್ಲ ಕಷ್ಟಪಟ್ಟು ಒಳಗೆ ಹೋದವಳು ಮಾಡಿದ್ದೇನು? ಗೇಟಿನಿಂದ ಬೀಳುವ ನೀರನ್ನು ಇನ್ನೂರು ಸಲ ಕ್ಲಿಕ್ಕಿಸಿದ್ದು! ಅಂದರೆ, ಮತ್ತೊಮ್ಮೆ ಪಿಕ್‌ನಿಕ್.

ಲಗ್ನಪತ್ರಿಕೆಯ ಹಿಂದೆ ಒಂದು ತ್ರಿಕೋನ

ಫೋಟೊ ನೋಡಿದವರು ನಮ್ಮ ಬೀದಿಯ ಕೊನೆಯ ಮನೆಯ ನಿವೃತ್ತ ಎಂಜಿನಿಯರ್. ಕೆಲಸದ ಬಹುಪಾಲು ವರ್ಷಗಳನ್ನು ಅಣೆಕಟ್ಟೆಗಳ ನಿರ್ವಹಣೆಯಲ್ಲೇ ಕಳೆದವರು. ನನ್ನ ಮುಖ ಬಾಡಿದ್ದು ಕಂಡು ಮೇಜಿನ ಮೇಲಿದ್ದ ಯಾರದೋ ಲಗ್ನಪತ್ರಿಕೆಯನ್ನು ಮಗುಚಿ, ಅದರ ಹಿಂಬದಿಯಲ್ಲಿ ಒಂದು ತ್ರಿಕೋನ ಬರೆದರು. ಒಂದು ಬದಿ ನೆಟ್ಟಗೆ, ಇನ್ನೊಂದು ಬದಿ ಇಳಿಜಾರು.

‘ಹಿಂದೆ ಎಷ್ಟು ದೂರದವರೆಗೆ ನೀರು ನಿಂತಿದೆ ಅನ್ನೋದು ಡ್ಯಾಂಗೆ ಗೊತ್ತಿಲ್ಲ. ಎಷ್ಟು ಆಳ ನಿಂತಿದೆ ಅನ್ನೋದಷ್ಟೇ ಗೊತ್ತು’ ಎಂದರು.

ಓದಿದ್ದ ವಿಷಯವೇ, ಆದರೆ ಆ ಮಾತಿನಲ್ಲಿ ಅದು ಹೊಸದಾಗಿ ಕೇಳಿಸಿತು. ಲಿಂಗನಮಕ್ಕಿಯ ಹಿನ್ನೀರು ಹರಡಿರುವುದು ಸುಮಾರು 300 ಚದರ ಕಿಲೋಮೀಟರ್. ಸಂಗ್ರಹ ಸಾಮರ್ಥ್ಯ ಸುಮಾರು 151 ಟಿಎಂಸಿ ಅಡಿ, ಅಂದರೆ ಮೂರು ಕೆಆರ್‌ಎಸ್‌ನಷ್ಟು. ಅಷ್ಟೂ ನೀರು ಒಟ್ಟಾಗಿ ಕಟ್ಟೆಯನ್ನು ದೂಡುತ್ತಿದೆ ಎಂದೇ ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಗಲ್ಲ. ಕಟ್ಟೆಯ ಮೇಲಿನ ಒತ್ತಡ ಆಳವನ್ನಷ್ಟೇ ನೋಡುತ್ತದೆ. ಹತ್ತು ಮೀಟರ್ ಕೆಳಗೆ ಒಂದು ಚದರ ಮೀಟರಿಗೆ ಸುಮಾರು ಹತ್ತು ಟನ್, ಐವತ್ತು ಮೀಟರ್ ಕೆಳಗೆ ಐವತ್ತು ಟನ್. ಅದಕ್ಕೇ ಕಟ್ಟೆ ತಲೆಯಲ್ಲಿ ತೆಳ್ಳಗೆ, ಬುಡದಲ್ಲಿ ಅಗಲ. ಕಲ್ಲು–ಗಾರೆಯ ಕಟ್ಟೆ ತನ್ನ ತೂಕದಿಂದಲೇ ನೆಲಕ್ಕೆ ಅಂಟಿ ನಿಲ್ಲುತ್ತದೆ. ನೀರು ಮುಂದಕ್ಕೆ ತಳ್ಳುತ್ತದೆ, ಕಟ್ಟೆಯ ತೂಕ ಕೆಳಕ್ಕೆ ಒತ್ತುತ್ತದೆ. ಇವೆರಡರ ಲೆಕ್ಕ ಕೂಡಿ ಬೀಳುವ ಗೆರೆ ಬುಡದ ಒಳಗೇ ಇರಬೇಕು, ಹೊರಗೆ ಹೋದರೆ ಕಟ್ಟೆ ಮಗುಚುತ್ತದೆ.

‘ಇನ್ನೊಂದು ಕಳ್ಳ ಇದ್ದಾನೆ’ ಎನ್ನುತ್ತ ತ್ರಿಕೋನದ ಬುಡದಲ್ಲಿ ಮೇಲ್ಮುಖವಾಗಿ ಬಾಣ ಹಾಕಿದರು. ಬಂಡೆಯ ಸಂದುಗಳಲ್ಲಿ ನುಸುಳುವ ನೀರು ಕಟ್ಟೆಯನ್ನು ಕೆಳಗಿನಿಂದ ಎತ್ತಲು ನೋಡುತ್ತದೆ. ಕಟ್ಟೆಯ ತೂಕದಲ್ಲಿ ಒಂದು ಪಾಲನ್ನು ಅದು ಕದ್ದಂತೆಯೇ. ಅದಕ್ಕಾಗಿ ದೊಡ್ಡ ಕಟ್ಟೆಗಳ ಒಡಲಿನಲ್ಲಿ ಓಡಾಡುವಷ್ಟು ದೊಡ್ಡ ಸುರಂಗ ಬಿಟ್ಟಿರುತ್ತಾರೆ. ಅದಕ್ಕೆ ಗ್ಯಾಲರಿ ಎನ್ನುತ್ತಾರೆ. ಕೊರೆದ ರಂಧ್ರಗಳ ಮೂಲಕ ನುಸುಳಿದ ನೀರು ಅಲ್ಲಿಗೆ ಬಂದು ಬೀಳುತ್ತದೆ, ಅದನ್ನು ದಿನವೂ ಅಳೆಯುತ್ತಾರೆ. ನೀರು ಬರುವುದೇ ಅಪಾಯವಲ್ಲ. ನಿನ್ನೆ ಬಂದಷ್ಟೇ ಇವತ್ತೂ ಬರುತ್ತಿದ್ದರೆ, ತಿಳಿಯಾಗಿಯೇ ಇದ್ದರೆ ಚಿಂತೆಯಿಲ್ಲ. ಇದ್ದಕ್ಕಿದ್ದಂತೆ ಹೆಚ್ಚಾದರೆ, ಕೆಂಪಾದರೆ ಆಗ ನಿದ್ದೆಗೆಡಬೇಕು.

ಆಮೇಲೆ ನನ್ನ ಮೆಚ್ಚಿನ ಫೋಟೊ ತೆರೆದರು. ಟ್ರೈಪಾಡ್ ಇಟ್ಟು ಎರಡು ಸೆಕೆಂಡ್ ಶಟರ್ ತೆರೆದು ತೆಗೆದದ್ದು. ನೀರೆಲ್ಲ ರೇಷ್ಮೆ ಬಟ್ಟೆಯಂತೆ ನುಣುಪಾಗಿತ್ತು.

‘ಅಷ್ಟೆತ್ತರದಿಂದ ಬಿದ್ದ ನೀರು ಹೀಗೆ ಮೆತ್ತಗೆ ಇರ್ತದಾ? ಅದರ ರಭಸವನ್ನ ಕೆಳಗೇ ಮುರಿಯದಿದ್ರೆ ಬುಡದ ಬಂಡೆಯನ್ನೇ ಕೆತ್ತಿ ಹಾಕ್ತದೆ. ಆ ರಭಸ ಮುರಿಯೋದೇ ಅಲ್ಲಿಯ ಎಂಜಿನಿಯರಿಂಗ್. ನೀನು ಅದನ್ನೇ ಅಳಿಸಿ ಹಾಕಿದ್ದೀಯ.’

ಹೌದಲ್ಲ! ನಿಧಾನದ ಶಟರ್ ನೀರಿನ ಕೋಪವನ್ನೇ ಒರೆಸಿಬಿಟ್ಟಿತ್ತು. ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಶಟರ್ ಇಟ್ಟಿದ್ದರೆ ನೀರು ಎಲ್ಲಿ ಒಡೆಯುತ್ತದೆ, ಎಲ್ಲಿ ಹಿಂದಕ್ಕೆ ಮಗುಚುತ್ತದೆ ಎನ್ನುವುದು ಹನಿ ಹನಿಯಾಗಿ ಕಾಣುತ್ತಿತ್ತು. ಚೆಂದದ ಫೋಟೊ ಬೇಕಾದರೆ ಒಂದು ಶಟರ್, ನಿಜ ಬೇಕಾದರೆ ಇನ್ನೊಂದು.

ಆ ರಾತ್ರಿ ಹಳೆಯ ಅಣೆಕಟ್ಟೆ ಫೋಟೊಗಳನ್ನು ಹುಡುಕುತ್ತ ಕೂತೆ. ಅಮೆರಿಕದ ‘ಲೈಫ್’ ವಾರಪತ್ರಿಕೆಯ ಮೊದಲ ಸಂಚಿಕೆ 1936ರ ನವೆಂಬರ್ 23ರಂದು ಬಂತು. ಅದರ ಮುಖಪುಟದಲ್ಲಿ ಮಾರ್ಗರೆಟ್ ಬರ್ಕ್–ವೈಟ್ ತೆಗೆದ ಫೋರ್ಟ್ ಪೆಕ್ ಅಣೆಕಟ್ಟೆಯ ಫೋಟೊ. ಕೋಟೆಯ ಬುರುಜುಗಳಂತೆ ಸಾಲಾಗಿ ನಿಂತ ಕಾಂಕ್ರೀಟ್ ಕಂಬಗಳು. ಕೆಳಗೆ ಇರುವೆಯಂತೆ ಇಬ್ಬರು ಮನುಷ್ಯರು. ಜಗತ್ತಿನ ಹೆಸರಾಂತ ಅಣೆಕಟ್ಟೆ ಫೋಟೊ ಅದು. ಆದರೆ ಅದರಲ್ಲಿರುವುದು ಅಣೆಕಟ್ಟೆಯೇ ಅಲ್ಲ! ಅದು ಕಟ್ಟೆಯಿಂದ ಕೆಲವು ಮೈಲಿ ದೂರದ ಸ್ಪಿಲ್‌ವೇ, ಅಂದರೆ ಹೆಚ್ಚಾದ ನೀರನ್ನು ಹೊರಬಿಡುವ ಕೋಡಿ. ನಿಜವಾದ ಕಟ್ಟೆ ಮಣ್ಣಿನದು, ಮೈಲುಗಟ್ಟಲೆ ಉದ್ದದ ದಿಬ್ಬ. ಅದು ಫೋಟೊದಲ್ಲಿ ಅಷ್ಟು ಗಂಭೀರವಾಗಿ ಬರುವಂಥದ್ದಲ್ಲ.

ಮರುದಿನ ಅವರಿಗೆ ಇದನ್ನು ಹೇಳಿದಾಗ ಜೋರಾಗಿ ನಕ್ಕರು. ‘ಹಾಗಾದ್ರೆ ನೀನೊಬ್ಬಳೇ ಅಲ್ಲ ಬಿಡು. ಆದ್ರೆ ಆಕೆ ಆ ಇಬ್ಬರನ್ನ ಬಿಟ್ಟಿಲ್ಲ ನೋಡು. ಅವರಿಲ್ಲದಿದ್ರೆ ಆ ಕಂಬ ಹತ್ತಡಿಯೋ ನೂರಡಿಯೋ ಯಾರಿಗೆ ಗೊತ್ತಾಗ್ತಿತ್ತು? ಅಳತೆಗೆ ಒಬ್ಬರು ಬೇಕು.’

ಒಂದೇ ನೀರು, ಮೂರು ಸಲ ದುಡಿಮೆ

ಎರಡನೇ ಸಲ ಅನುಮತಿ ಕೇಳಿ ಹೋದದ್ದು ಡಿಸೆಂಬರಿನಲ್ಲಿ. ಗೇಟು ಮುಚ್ಚಿತ್ತು. ಪ್ರವಾಸಿಗರ ಕಣ್ಣಿಗೆ ನೋಡಲು ಏನೂ ಇಲ್ಲದ ದಿನ. ನನಗೆ ಮಾತ್ರ ಅವತ್ತೇ ಅಣೆಕಟ್ಟೆ ಕಂಡಿತು.

ಬೆಳಿಗ್ಗೆಯ ಬಿಸಿಲು ಕಟ್ಟೆಯ ಮೈಯನ್ನು ಓರೆಯಾಗಿ ಸವರುವ ಹೊತ್ತಿಗೆ ಕಾದು ನಿಂತೆ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಗೋಡೆ ಬರೀ ಬೂದು ಬಣ್ಣ. ಓರೆ ಬಿಸಿಲಿನಲ್ಲಿ ಪ್ರತಿ ಸಂದಿಗೂ ಒಂದು ನೆರಳು, ಪ್ರತಿ ಉಬ್ಬಿಗೂ ಒಂದು ಅಂಚು. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ನೆಟ್ಟಗಿರುವ ಕಂಬಗಳೂ ಒಳಕ್ಕೆ ಬಾಗಿದಂತೆ ಕಾಣುತ್ತವೆ. ಹಾಗಾಗಿ ದೂರ ಸರಿದು, ಎತ್ತರದ ಜಾಗ ಹುಡುಕಿ, ಕ್ಯಾಮೆರಾವನ್ನು ಮಟ್ಟಸವಾಗಿ ಇಟ್ಟೆ. ‘ವಾಲಿದ ಫೋಟೊ ನೋಡಿ ಗೋಡೆ ವಾಲಿದೆ ಅಂತ ಯಾರೂ ತಿಳೀಬಾರದು’ ಎಂದು ಅವರು ಹೇಳಿದ್ದು ನೆನಪಿತ್ತು.

ಲಿಂಗನಮಕ್ಕಿಯ ಕೋಡಿಗೆ ಹನ್ನೊಂದು ಗೇಟುಗಳಿವೆ. ಮೊದಲ ಸಲ ಅವನ್ನು ಎದುರಿನಿಂದ ತೆಗೆದಿದ್ದೆ, ಬರೀ ಹನ್ನೊಂದು ಚೌಕಗಳು ಕಂಡಿದ್ದವು. ಈ ಸಲ ಪಕ್ಕದಿಂದ ನೋಡಿದೆ. ಗೇಟು ಚಪ್ಪಟೆ ಹಲಗೆಯಲ್ಲ, ಕೊಡದ ಹೊಟ್ಟೆಯಂತೆ ಬಾಗಿದ ಉಕ್ಕಿನ ತಟ್ಟೆ. ಅದರ ಹಿಂದೆ ಎರಡೂ ಬದಿಯಲ್ಲಿ ಉದ್ದನೆಯ ತೋಳುಗಳು, ತೋಳುಗಳೆಲ್ಲ ಬಂದು ಕೂಡುವಲ್ಲಿ ಒಂದು ತಿರುಗಣೆ. ನೀರಿನ ಒತ್ತಡವೆಲ್ಲ ಆ ಬಾಗಿದ ತಟ್ಟೆಯ ಮೂಲಕ ನೇರವಾಗಿ ತಿರುಗಣೆಗೇ ಹೋಗಿ, ಅಲ್ಲಿಂದ ಕಟ್ಟೆಯ ಕಂಬಕ್ಕೆ ಇಳಿಯುತ್ತದೆ. ಹಾಗಾಗಿ ಎತ್ತುವ ಯಂತ್ರಕ್ಕೆ ನೀರಿನ ಒತ್ತಡದೊಂದಿಗೆ ಜಗಳವಿಲ್ಲ. ಗೇಟಿನ ತೂಕ ಮತ್ತು ಉಜ್ಜಾಟವನ್ನು ಮೀರಿದರೆ ಸಾಕು. ‘ರೇಡಿಯಲ್ ಗೇಟ್’ ಎಂದು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದದ್ದು ಇದನ್ನೇ. ಜೊತೆಗಿದ್ದ ಕಾವಲುಗಾರ ಅಣ್ಣನನ್ನು, ‘ಅಣ್ಣಾ, ಒಂಚೂರು ಅಲ್ಲಿ ನಿಂತ್ಕೊಳ್ತೀರಾ?’ ಎಂದು ಕೇಳಿದೆ. ಅವರು ಟೋಪಿ ಸರಿ ಮಾಡಿಕೊಂಡು ನಿಂತರು. ಅವರ ಪಕ್ಕದಲ್ಲಿ ಗೇಟಿನ ತೋಳು ಎಷ್ಟು ದೊಡ್ಡದೆಂದು ಆಗ ಗೊತ್ತಾಯಿತು.

ಆಮೇಲೆ ನೀರಿನ ಬೆನ್ನು ಹತ್ತಿದೆ. ನಮ್ಮಲ್ಲಿ ಬಹಳ ಜನ ಲಿಂಗನಮಕ್ಕಿ ಅಣೆಕಟ್ಟೆಯಲ್ಲೇ ಕರೆಂಟು ಹುಟ್ಟುತ್ತದೆ ಎಂದು ನಂಬಿದ್ದಾರೆ, ನಾನೂ ನಂಬಿದ್ದೆ. ಕಟ್ಟೆಯ ಬುಡದಲ್ಲಿ ಒಂದು ವಿದ್ಯುದಾಗಾರ ಇರುವುದು ನಿಜ, ಅದರ ಸಾಮರ್ಥ್ಯ 55 ಮೆಗಾವಾಟ್. ಅಲ್ಲಿ ದುಡಿದ ನೀರು ಕಾಲುವೆ ಹಿಡಿದು ತಲಕಳಲೆಯ ಚಿಕ್ಕ ಜಲಾಶಯಕ್ಕೆ ಹೋಗುತ್ತದೆ. ಅಲ್ಲಿಂದ ದೈತ್ಯ ಕೊಳವೆಗಳಲ್ಲಿ ಘಟ್ಟದ ಕೆಳಕ್ಕೆ, ಶರಾವತಿ ವಿದ್ಯುದಾಗಾರಕ್ಕೆ ಧುಮುಕುತ್ತದೆ. ಅಲ್ಲಿ 103.5 ಮೆಗಾವಾಟಿನ ಹತ್ತು ಯಂತ್ರಗಳು, ಒಟ್ಟು 1,035 ಮೆಗಾವಾಟ್. ಅದೇ ನೀರು ಮತ್ತೂ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಕಟ್ಟೆಗೆ ಸಿಕ್ಕಿ 240 ಮೆಗಾವಾಟಿಗೆ ದುಡಿದು ಸಮುದ್ರದ ದಾರಿ ಹಿಡಿಯುತ್ತದೆ.

ಒಂದೇ ನೀರು ಮೇಲೆ 55 ಮೆಗಾವಾಟ್, ಕೆಳಗೆ 1,035 ಮೆಗಾವಾಟ್ ಕೊಡುವುದು ಹೇಗೆ? ಉತ್ತರ ಎತ್ತರದಲ್ಲಿದೆ. ಘಟ್ಟದಿಂದ ನೀರು ಇಳಿಯುವುದು ನಾನ್ನೂರು ಮೀಟರಿಗೂ ಹೆಚ್ಚು. ಬೇಕಾದರೆ ನೀವೇ ಲೆಕ್ಕ ಹಾಕಿ. ಸೆಕೆಂಡಿಗೆ ಒಂದು ಘನ ಮೀಟರ್, ಅಂದರೆ ಸಾವಿರ ಲೀಟರ್ ನೀರು 400 ಮೀಟರ್ ಇಳಿದರೆ ಅದರಲ್ಲಿರುವ ಶಕ್ತಿ ಸುಮಾರು 3.9 ಮೆಗಾವಾಟ್. ಅಷ್ಟೇ ನೀರು 40 ಮೀಟರ್ ಇಳಿದರೆ ಅದರ ಹತ್ತನೇ ಒಂದು ಪಾಲು. ಕರೆಂಟು ಕೊಡುವುದು ಘಟ್ಟ. ಕಟ್ಟೆ ಮಳೆಗಾಲದ ನೀರನ್ನು ಬೇಸಿಗೆಗೆ ಕೂಡಿಡುವ ಕಣಜ. ಇದು ತಿಳಿದ ಮೇಲೆ ನನ್ನ ಪ್ರದರ್ಶನದ ನಡುವಿನ ಫೋಟೊ ಅಣೆಕಟ್ಟೆಯದ್ದಾಗಿ ಉಳಿಯಲಿಲ್ಲ, ಘಟ್ಟದ ಇಳಿಜಾರಿನ ಕೊಳವೆಗಳದ್ದಾಯಿತು.

ಆ ಕೊಳವೆಗಳನ್ನು ದೂರದಿಂದ, ಉದ್ದ ಲೆನ್ಸ್ ಹಾಕಿ ತೆಗೆದೆ. ಕೊಳವೆ ತಿರುವು ಪಡೆಯುವಲ್ಲಿ ಒಳಗಿನ ನೀರು ಹೊರಕ್ಕೆ ತಳ್ಳುತ್ತದೆ, ಅಲ್ಲಿ ಅದನ್ನು ಅವುಚಿ ಹಿಡಿಯಲು ಮನೆಯಷ್ಟು ದೊಡ್ಡ ಕಾಂಕ್ರೀಟ್ ದಿಮ್ಮಿ ಬೇಕು. ಮೊದಲಾಗಿದ್ದರೆ ಹಸಿರು ಕಾಡಿನ ನಡುವೆ ಅಸಹ್ಯವಾಗಿ ಕಾಣುತ್ತದೆಂದು ಅದನ್ನು ಚೌಕಟ್ಟಿನಿಂದ ಹೊರಗಿಡುತ್ತಿದ್ದೆ.

ವಿದ್ಯುದಾಗಾರದ ಒಳಗೆ ಕ್ಯಾಮೆರಾ ಒಯ್ಯುವಂತಿರಲಿಲ್ಲ. ಬರಿಗೈಲಿ ಹೋದೆ. ನೆಲದ ಒಂದು ಸಣ್ಣ ನಡುಕ ಚಪ್ಪಲಿಯ ಮೂಲಕ ಮೊಣಕಾಲಿಗೆ ಹತ್ತುತ್ತಿತ್ತು. ಕೆಳಗೆಲ್ಲೋ ಬೊಗಸೆಯಂಥ ಬಟ್ಟಲುಗಳ ಪೆಲ್ಟನ್ ಚಕ್ರಕ್ಕೆ ನೀರಿನ ಚಿಲುಮೆ ಬಡಿಯುತ್ತಿದೆ, ನಮ್ಮ ಮನೆಯ ಮಿಕ್ಸಿ ತಿರುಗುತ್ತಿದೆ. ಇಡೀ ಯೋಜನೆಯಲ್ಲಿ ನನಗೆ ಬಹಳ ಬೇಕಾಗಿದ್ದ ಫೋಟೊ ಅದು, ನನ್ನ ಬಳಿ ಇಲ್ಲದ ಫೋಟೊ ಕೂಡ ಅದೇ.

ಮುಳುಗಿದ ಅಣೆಕಟ್ಟೆ

‘ಬೇಸಿಗೆಯಲ್ಲಿ ಇನ್ನೊಂದು ಸಲ ಹೋಗು. ಆಗ ಹಿರೇಭಾಸ್ಕರ ಏಳ್ತದೆ’ ಎಂದರು ಮೇಷ್ಟ್ರು. ಅಷ್ಟರಲ್ಲಿ ಅವರನ್ನು ನಾನು ಮೇಷ್ಟ್ರೇ ಎಂದು ಕರೆಯತೊಡಗಿದ್ದೆ.

ಲಿಂಗನಮಕ್ಕಿ ಕಟ್ಟಿದ್ದು 1964ರಲ್ಲಿ. ಅದಕ್ಕೂ ಮೊದಲು ಶರಾವತಿಗೆ ಇನ್ನೊಂದು ಕಟ್ಟೆ ಇತ್ತು. ಜೋಗದ ಕೆಳಗಿನ ಮೊದಲ ವಿದ್ಯುದಾಗಾರಕ್ಕೆ, ಈಗ ಮಹಾತ್ಮ ಗಾಂಧಿ ಹೆಸರಿನಲ್ಲಿರುವುದಕ್ಕೆ, ನೀರು ಒದಗಿಸಲು 1948ರ ಹೊತ್ತಿಗೆ ಮಡೆನೂರಿನ ಬಳಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆ. ದೊಡ್ಡದು ಬಂದಾಗ ಚಿಕ್ಕದು ಅದರ ಹಿನ್ನೀರಿನಲ್ಲಿ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮಾತ್ರ ಮೇಲೆದ್ದು ಕಾಣುತ್ತದೆ.

ಆ ಮೇ ತಿಂಗಳಲ್ಲಿ ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದು ಹೋದೆವು. ಅಲ್ಲಿ ನಿಂತಾಗ ಕ್ಯಾಮೆರಾ ಎತ್ತುವುದೇ ಮರೆಯಿತು. ವರ್ಷದ ಬಹುಕಾಲ ನೀರಿನಡಿ ಇರುವ ಕಟ್ಟಡ ನೆಟ್ಟಗೆ ನಿಂತಿತ್ತು. ಹಿರೇಭಾಸ್ಕರದ ಹೆಗ್ಗಳಿಕೆ ಅದರ ಸೈಫನ್‌ಗಳು. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದವು. ಗೇಟಿಲ್ಲ, ಎತ್ತುವ ಯಂತ್ರವಿಲ್ಲ, ರಾತ್ರಿ ಮಳೆಯಲ್ಲಿ ಎದ್ದು ಓಡುವ ಮನುಷ್ಯನೂ ಬೇಡ. ನೀರು ಗೊತ್ತಾದ ಮಟ್ಟ ಮೀರಿದೊಡನೆ ಸುರುಳಿ ಸುತ್ತುತ್ತ ಒಳಗಿಳಿದು, ಒಳಗಿನ ಗಾಳಿಯನ್ನು ತನ್ನೊಂದಿಗೆ ಎಳೆದೊಯ್ದು, ಸೈಫನ್ ತಾನಾಗಿ ಹೀರತೊಡಗುತ್ತದೆ. ಮಟ್ಟ ಇಳಿದರೆ ಗಾಳಿ ಹೊಕ್ಕು ತಾನಾಗಿ ನಿಲ್ಲುತ್ತದೆ. ಪೀಪಾಯಿಯಿಂದ ಸೀಮೆಎಣ್ಣೆ ಎಳೆಯಲು ಅಂಗಡಿಯವರು ರಬ್ಬರ್ ಪೈಪು ಬಾಯಿಗಿಟ್ಟು ಹೀರುತ್ತಿದ್ದರಲ್ಲ, ಅದೇ ತತ್ವ. ಇಲ್ಲಿ ಹೀರುವ ಬಾಯಿಯ ಕೆಲಸವನ್ನೂ ನೀರೇ ಮಾಡುತ್ತದೆ.

ಆ ದಿನ ಹೆಚ್ಚು ಫೋಟೊ ತೆಗೆಯಲಿಲ್ಲ, ಮೂವತ್ತೋ ನಲವತ್ತೋ. ಪ್ರತಿಯೊಂದನ್ನೂ ಯಾಕೆ ತೆಗೆಯುತ್ತಿದ್ದೇನೆಂದು ಗೊತ್ತಿತ್ತು. ಹಿಂದಿರುಗುವಾಗ ಒಣಗಿದ ಹಿನ್ನೀರಿನ ತಳವನ್ನೂ ಸುಮ್ಮನೆ ಒಂದು ತೆಗೆದೆ. ಮರದ ಬೊಡ್ಡೆಗಳು, ಕೆಸರಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಗೆರೆಗಳು. ಮೇಷ್ಟ್ರು ಅದನ್ನು ನೋಡಿ, ‘ಇದರಲ್ಲಿ ಏನಿಲ್ಲ, ತೆಗೆದುಬಿಡು’ ಎಂದರು.

ಅಜ್ಜಿ ಓದಿದ ಫೋಟೊ

ಅದನ್ನು ಅಳಿಸುವ ಮೊದಲು ಅಜ್ಜಿ ನೋಡಿದರು.

ನಮ್ಮ ಮನೆಯವರು ಮುಳುಗಡೆಯವರು. ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಯಾರಾದರೂ ‘ಯಾವ ಊರು?’ ಎಂದರೆ ಅಜ್ಜಿ ಈಗಿನ ಊರು ಹೇಳುವುದಿಲ್ಲ, ‘ಮುಳುಗಡೆಯೋರು’ ಎನ್ನುತ್ತಾರೆ. ಶರಾವತಿ ದಂಡೆಯ ಹಳ್ಳಿ ಬಿಡುವಾಗ ಅವರಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಮನೆಯ ಹೆಂಚು, ಕಂಬ, ಬಾಗಿಲು ಬಿಚ್ಚಿ ಲಾರಿಗೆ ಹಾಕಿಕೊಂಡು ಬಂದರಂತೆ. ನಮ್ಮ ಮನೆಯ ಮುಂಬಾಗಿಲು ಆ ಮನೆಯದ್ದೇ. ಜಮೀನಿನ ಹಕ್ಕುಪತ್ರಕ್ಕೆ ಅಜ್ಜ ಅಲೆದರು, ಈಗ ಅಪ್ಪ ಅಲೆಯುತ್ತಿದ್ದಾರೆ.

ನಾನು ಮಾತ್ರ ಡ್ಯಾಮಿನ ಪ್ರಾಜೆಕ್ಟ್ ಮಾಡುತ್ತಿದ್ದೇನೆಂದು ಅಜ್ಜಿಗೆ ಸರಿಯಾಗಿ ಹೇಳಿರಲೇ ಇಲ್ಲ. ಹೇಳಲು ಏನೋ ಅಳುಕು. ಅವರ ಊರು ಮುಳುಗಿಸಿದ್ದನ್ನು ನಾನು ಸಂಭ್ರಮದಿಂದ ಫೋಟೊ ತೆಗೆಯುತ್ತಿದ್ದೇನಲ್ಲ!

ಅವತ್ತು ಲ್ಯಾಪ್‌ಟಾಪ್ ತೆರೆದೇ ಇತ್ತು. ಅಜ್ಜಿ ಎಲೆಅಡಿಕೆ ತಟ್ಟೆ ಹಿಡಿದು ಪಕ್ಕಕ್ಕೆ ಬಂದು ಕೂತರು. ‘ಎಂತದೇ ಅದು?’

‘ಹೊಳೆ ಒಣಗಿದ್ದು ಅಜ್ಜಿ.’

ಬಹಳ ಹೊತ್ತು ನೋಡಿದರು. ಆಮೇಲೆ ಸುಣ್ಣ ಹತ್ತಿದ ಬೆರಳನ್ನು ಪರದೆಗೆ ತಾಗಿಸಿ, ಆ ಮೆಟ್ಟಿಲು ಗೆರೆಗಳ ಮೇಲೆ ಎಳೆದರು. ‘ಇದು ಗದ್ದೆ ಬದು. ಇದು ಕೆಳಗಿನ ಗದ್ದೆ, ಇದು ಮೇಲಿನ್ದು. ನೋಡು, ಇಲ್ಲಿ ತುಂಡಾಗಿದ್ಯಲೆ, ಇದು ನೀರು ಬಿಡೋ ಜಾಗ. ಮೇಲಿನ ಗದ್ದೆ ತುಂಬಿದ್ ಮೇಲೆ ಇಲ್ಲಿ ಮಣ್ಣು ತೆಗೆದು ಕೆಳಗಿನ್ದಕ್ಕೆ ಬಿಡೋದು. ಮಳೆ ಜೋರಾದ್ರೆ ರಾತ್ರಿ ನಿಮ್ಮಜ್ಜ ಕಂಬಳಿ ಕೊಪ್ಪೆ ಹಾಕ್ಕಂಡು ಹೋಗ್ತಿದ್ರು. ಬಿಡದೆ ಇದ್ರೆ ಬದು ಒಡೀತದೆ.’

ನಾನು ಕಣ್ಣರಳಿಸಿ ನೋಡಿದೆ. ಕಟ್ಟೆ, ಕೋಡಿ, ಗೇಟು, ಗೇಟು ಎತ್ತಲು ರಾತ್ರಿ ಎದ್ದು ಹೋಗುವ ಮನುಷ್ಯ. ಎಲ್ಲವೂ ಆ ಫೋಟೊದಲ್ಲಿತ್ತು. ನನಗೂ ಕಂಡಿರಲಿಲ್ಲ, ಮೂವತ್ತು ವರ್ಷ ಕಟ್ಟೆ ಕಾದವರಿಗೂ ಕಂಡಿರಲಿಲ್ಲ.

‘ಇದು ನಮ್ಮ ಗದ್ದೆಯಾ ಅಜ್ಜಿ?’

‘ಯಾರದ್ದೋ. ಎಲ್ಲಾರ್ದೂ ಹಿಂಗೇ ಇತ್ತು’ ಎಂದು ಎಲೆಗೆ ಸುಣ್ಣ ಹಚ್ಚತೊಡಗಿದರು. ‘ನಮಗೆ ಇಲ್ಲಿಗೆ ಬಂದು ಎಷ್ಟೋ ವರ್ಷದ ಮೇಲೆ ಕರೆಂಟು ಬಂತು. ಮೊದಲ ದಿನ ಬಲ್ಬು ಹಾಕಿದಾಗ ನಿಮ್ಮಜ್ಜ ಅಂದಿದ್ರು, ಇದು ನಮ್ಮ ಹೊಳೆದೇ ಬೆಳಕು ಕಣೇ ಅಂತ.’

ಅವರ ದನಿಯಲ್ಲಿ ಸಿಟ್ಟಿತ್ತೋ ಹೆಮ್ಮೆಯಿತ್ತೋ ನನಗೆ ತಿಳಿಯಲಿಲ್ಲ. ಎರಡೂ ಇದ್ದವೇನೋ. ಮರುದಿನ ಮೇಷ್ಟ್ರಿಗೆ ಹೇಳಿದೆ. ಅವರು ಆ ಫೋಟೊವನ್ನು ಮತ್ತೆ ತೆರೆಸಿ, ಕನ್ನಡಕ ಹಾಕಿಕೊಂಡು, ಬದುಗಳನ್ನು ಒಂದೊಂದಾಗಿ ಎಣಿಸಿದರು. ‘ಇದನ್ನ ಮೊದಲು ಇಡು. ಇಲ್ಲಿಂದಲೇ ಶುರುವಾಗ್ಬೇಕು’ ಎಂದರು.

ಫೋಟೊ ಮಾತಾಡಬೇಕಾದರೆ

ಪ್ರದರ್ಶನದಲ್ಲಿ ಕೊನೆಗೆ ಉಳಿದದ್ದು ಹದಿನಾಲ್ಕು ಫೋಟೊ. ಕಾಮನಬಿಲ್ಲಿನದ್ದು ಅದರಲ್ಲಿ ಇರಲಿಲ್ಲ. ಪ್ರತಿ ಫೋಟೊದ ಕೆಳಗೆ ಏನು, ಎಲ್ಲಿ, ಯಾವ ದಿನ, ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದು ಎಂದು ಬರೆದಿದ್ದೆ. ‘ಅಡಿಯಲ್ಲಿ ಬರೆಯದ ಫೋಟೊ ಸಾಕ್ಷಿ ಹೇಳೋದಿಲ್ಲ’ ಎನ್ನುವುದು ಮೇಷ್ಟ್ರ ನಿಯಮ. ಈ ವರ್ಷ ನಿಂತ ಜಾಗದಲ್ಲೇ ಮುಂದಿನ ವರ್ಷವೂ ನಿಂತು ತೆಗೆದರೆ ಗೋಡೆಯ ಬಿರುಕು ಬೆಳೆದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬಿರುಕಿನ ಪಕ್ಕ ಒಂದು ಸ್ಕೇಲು, ಇಲ್ಲವೇ ಒಂದು ರೂಪಾಯಿ ನಾಣ್ಯ ಇಟ್ಟರೆ ಎಷ್ಟು ಬೆಳೆದಿದೆ ಎನ್ನುವುದೂ ಗೊತ್ತಾಗುತ್ತದೆ. ಇದಕ್ಕೆ ದುಬಾರಿ ಕ್ಯಾಮೆರಾ ಬೇಡ, ಕೈಯಲ್ಲಿರುವ ಫೋನೇ ಸಾಕು.

ನಿಮ್ಮ ಊರಲ್ಲಿ ಅಣೆಕಟ್ಟೆ ಇಲ್ಲದಿರಬಹುದು. ಒಂದು ಸೇತುವೆ, ಓವರ್‌ಹೆಡ್ ಟ್ಯಾಂಕು, ಕೆರೆಯ ತೂಬು ಇದ್ದೇ ಇರುತ್ತದೆ. ಸಿವಿಲ್‌, ಮೆಕ್ಯಾನಿಕಲ್ ಓದುವವರು ಒಮ್ಮೆ ಅದರ ಮುಂದೆ ನಿಂತು, ಇಲ್ಲಿ ಭಾರ ಎಲ್ಲಿಂದ ಬಂದು ಎಲ್ಲಿಗೆ ಇಳಿಯುತ್ತಿದೆ ಎಂದು ಕೇಳಿಕೊಂಡು ಹತ್ತೇ ಹತ್ತು ಫೋಟೊ ತೆಗೆಯಿರಿ. ಅನುಮತಿ ಬೇಕಾದಲ್ಲಿ ಕೇಳಿ, ಬೇಡವೆಂದರೆ ಬಿಡಿ. ಹತ್ತಿರದಲ್ಲಿ ಅದನ್ನು ನೋಡಿಕೊಂಡ ಹಿರಿಯರಿದ್ದರೆ ಅವರಿಗೆ ತೋರಿಸಿ, ಅದರ ನೀರಿನಲ್ಲೋ ನೆರಳಿನಲ್ಲೋ ಬದುಕಿದವರಿಗೂ ತೋರಿಸಿ. ಇಬ್ಬರೂ ಒಂದೇ ಫೋಟೊದಲ್ಲಿ ಬೇರೆ ಬೇರೆ ನೋಡುತ್ತಾರೆ.

ನಾಲ್ಕನೇ ಇಂಟರ್‌ವ್ಯೂಗೆ ಆ ಹದಿನಾಲ್ಕನ್ನು ಒಂದು ಆಲ್ಬಂ ಮಾಡಿ ಒಯ್ದಿದ್ದೆ. ಸೇತುವೆಗಳ ತಪಾಸಣೆ ಮಾಡುವ ಚಿಕ್ಕ ಸಂಸ್ಥೆ ಅದು. ಗೇಟಿನ ತೋಳಿನ ಫೋಟೊ ತೋರಿಸಿ, ‘ಇದನ್ನು ಪಕ್ಕದಿಂದ ಯಾಕೆ ತೆಗೆದಿರಿ?’ ಎಂದು ಕೇಳಿದರು. ಅದರ ಮೇಲೆ ಇಪ್ಪತ್ತು ನಿಮಿಷ ಮಾತ್ರ ಅಲ್ಲ, ದಿನವಿಡೀ ಮಾತಾಡಬಲ್ಲವಳಾಗಿದ್ದೆ. ಈಗ ಅಲ್ಲಿ ಟ್ರೇನಿ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ತಿಂಗಳಲ್ಲಿ ಹದಿನೈದು ದಿನ ಯಾವುದೋ ಹಳ್ಳದ ಸೇತುವೆಯ ಅಡಿಯಲ್ಲಿ ಟಾರ್ಚು ಹಿಡಿದು ಬಾವಲಿಗಳ ನಡುವೆ ನಿಂತಿರುತ್ತೇನೆ.

ಕಳೆದ ವಾರ ಊರಿಗೆ ಹೋದಾಗ ಆಲ್ಬಮ್ಮಿಗೆ ಹದಿನೈದನೆಯದೊಂದನ್ನು ಸೇರಿಸಿದೆ: ನಮ್ಮ ಮನೆಯ ಮುಂಬಾಗಿಲು. ಬೆಳಗಿನ ಓರೆ ಬಿಸಿಲಿನಲ್ಲಿ ಅದರ ಕೆತ್ತನೆ, ಲಾರಿಯಲ್ಲಿ ಬರುವಾಗ ಬಿದ್ದ ಗೀರು ಎಲ್ಲ ಕಾಣುವಂತೆ ತೆಗೆದು ಮೇಷ್ಟ್ರಿಗೆ ಕಳಿಸಿದೆ. ‘ಚೆನ್ನಾಗಿದೆ, ಅಳತೆಗೆ ಯಾರೂ ಇಲ್ಲವಲ್ಲ’ ಎಂದು ಉತ್ತರ ಬಂತು.

ಅಜ್ಜಿಯನ್ನು ಬಾಗಿಲ ಪಕ್ಕ ನಿಲ್ಲಲು ಕರೆದೆ. ‘ಈ ಸೀರೆಯಲ್ಲಾ? ತಡಿ’ ಎಂದು ಒಳಗೆ ಹೋದವರು ಅರ್ಧ ಗಂಟೆಯಾದರೂ ಬರಲಿಲ್ಲ. ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು, ಕೆತ್ತನೆಯ ನೆರಳೆಲ್ಲ ಮಾಯವಾಗಿತ್ತು. ನಾಳೆ ಬೆಳಿಗ್ಗೆ ಇದೇ ಸೀರೆಯಲ್ಲಿ ನಿಲ್ಲಬೇಕು ಎಂದರೆ, ‘ನಿಲ್ತೇನೆ, ಅದಕ್ಕೇನಂತೆ. ಈ ಬಾಗಿಲಿಗಿಂತ ನಾನು ಜಾಸ್ತಿ ದಿನ ನಿಂತಿಲ್ವಾ’ ಎಂದರು.